ಪಂಕ್ಚರ್ ಹಾಕಿ ಮತ್ತೆ ಜೋಡಿಸಿದ ಹಿಂದಿನ ಚಕ್ರ ಫ್ರೇಮಿಗೆ ಉಜ್ಜುವುದೇಕೆ?

ಗೇರಿಲ್ಲದ ಸೈಕಲ್ಲಿನಲ್ಲಿ ಹೀಗಾದರೆ, ರಿಮ್ ಸೊಟ್ಟಗಾಗಿದೆಯೆಂದು ತೀರ್ಮಾನಿಸುವ ಮೊದಲು ಆಕ್ಸಲ್ (ಚಕ್ರದ ನಡುವಿನ ಅಚ್ಚು) ಓರೆಯಾಗಿ ಕೂತಿದೆಯೇ ಎಂದು ನೋಡಿ. ಸಾಮಾನ್ಯವಾಗಿ ತಪ್ಪು ಅಲ್ಲೇ ಇರುತ್ತದೆ. ಎರಡೂ ನಟ್ ಸಡಿಲಿಸಿ, ಚೈನನ್ನು ಹಲ್ಲುಗಳ ಮೇಲೆ ಕೂರಿಸಿ, ಚಕ್ರವನ್ನು ಹಿಂದಕ್ಕೆಳೆದು, ಟೈರಿನ ಎರಡೂ ಬದಿಯಲ್ಲಿ ಫ್ರೇಮಿಗೆ ಸಮನಾದ ಅಂತರ ಉಳಿಯುವಂತೆ ಹಿಡಿದುಕೊಂಡು, ಎಡ-ಬಲದ ನಟ್‌ಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು. ಒಂದನ್ನೇ ಪೂರ್ತಿ ತಿರುಗಿಸಿದರೆ ಸ್ಪ್ಯಾನರ್ ಜೊತೆಗೆ ಆಕ್ಸಲ್ಲೂ ಜರುಗಿ ಚಕ್ರ ಮತ್ತೆ ವಾಲುತ್ತದೆ. ಪೂರ್ತಿ ಬಿಗಿಯುವ ಮೊದಲು ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಸುಮಾರು ಅರ್ಧ ಇಂಚು ಆಡಿದರೆ ಸರಿ. ಮಡ್‌ಗಾರ್ಡ್, ಕ್ಯಾರಿಯರ್ ಕಡ್ಡಿಗಳು ಫ್ರೇಮಿಗೂ ನಟ್ಟಿಗೂ ನಡುವೆ ಬರಬೇಕು (ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ). ಬ್ರೇಕ್ ರಬ್ಬರ್ ಟೈರಿಗೆ ತಾಗದೆ ರಿಮ್ಮಿಗೇ ತಾಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳದೆ, ಮೈಸೂರಿನವರಾದರೆ, ಚಾಮುಂಡಿ ಬೆಟ್ಟದ ಇಳಿಜಾರಿಗಂತೂ ಹೋಗಬೇಡಿ.