ಟಾರ್ಪಾಲು ಕಟ್ಟಿದರೆ ಅದು ಮನೆಯೇ?

ಓದುಗರೊಬ್ಬರ ಪತ್ರದ ಸಾರ: “ನಾನು ಮತ್ತು ವಿಧವೆ ತಾಯಿ ಬೇರೊಬ್ಬರ ಕಣದ ಅಂಚಿನಲ್ಲಿ ಟಾರ್ಪಾಲು ಕಟ್ಟಿಕೊಂಡು ಹತ್ತು ವರ್ಷದಿಂದ ಇದ್ದೇವೆ. ಕೂಲಿಯೇ ಜೀವನ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆ ಪಕ್ಕದ ಹೆಂಚಿನ ಮನೆಯವರಿಗೆ ಬಂತು. ಅವರಿಗೆ ಬೈಕೂ ಇದೆ. ಮನೆಯೇ ಇಲ್ಲದ ನಮಗಿಂತ ಅವರು ಹೇಗೆ ಮುಂದಾದರು?”

ಸಂಪಾದಕರ ಉತ್ತರ: ಬೈಕಿನ ಮಾತು ಬಿಡಿ. ಮೊದಲು ಬೈಕ್, ಫ್ರಿಜ್ ಇದ್ದವರ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. 2024ರಲ್ಲಿ ಆ ಷರತ್ತು ಸಡಿಲವಾಯಿತು.

ನಿಮ್ಮ ಸಿಟ್ಟಿನ ಬೇರು ಇರುವುದು ‘ಮನೆ ಇಲ್ಲದವರು’ ಎಂಬ ಮಾತಿನಲ್ಲಿ. ನಿಯಮದ ಪ್ರಕಾರ ವಸತಿಯೇ ಇಲ್ಲದವರು, ಭಿಕ್ಷೆಯಿಂದ ಬದುಕುವವರು, ಜೀತದಿಂದ ಬಿಡುಗಡೆಯಾದವರು, ನಮ್ಮಲ್ಲಿ ಜೇನುಕುರುಬ ಮತ್ತು ಕೊರಗರಂಥ ಆದಿಮ ಬುಡಕಟ್ಟಿನವರು ಎಲ್ಲರಿಗಿಂತ ಮೊದಲು. ಆದರೆ ಈ ಯೋಜನೆಯ ಪಟ್ಟಿಗೆ ಆಧಾರವಾದ ಗಣತಿ, ಸಮೀಕ್ಷೆಯವರ ಕಣ್ಣಿಗೆ ವಸತಿ ಇಲ್ಲದವರೆಂದರೆ ರಸ್ತೆ ಬದಿ, ಗುಡಿಯ ಮಂಟಪ, ಹ್ಯೂಮ್ ಪೈಪಿನಲ್ಲಿ ಮಲಗುವವರು. ನೀವು ನಾಲ್ಕು ಗಳ ನೆಟ್ಟು ಟಾರ್ಪಾಲು ಎಳೆದಿರಿ ನೋಡಿ, ಅಲ್ಲಿಗೆ ನಿಮ್ಮದು ‘ಒಂದು ಕೋಣೆಯ ಕಚ್ಚಾ ಮನೆ’ ಎಂದು ದಾಖಲಾಗಿರುವ ಸಾಧ್ಯತೆಯೇ ಹೆಚ್ಚು. ಮಳೆಗೆ ಹೆದರಿದ್ದೇ ತಪ್ಪಾಯಿತು!

ಆದರೂ ಒಂದು ಕೋಣೆಯವರು ಎರಡು ಕೋಣೆಯವರಿಗಿಂತ ಮುಂದೆ. ಸಮಾನರಾದವರ ನಡುವೆ ಅಂಕ ನೋಡುತ್ತಾರೆ: ದುಡಿಯುವ ಪ್ರಾಯದ ಗಂಡಸಿಲ್ಲದೆ ಹೆಣ್ಣೇ ಯಜಮಾನಿಯಾದ ಕುಟುಂಬಕ್ಕೆ ಒಂದು, ಭೂಮಿಯಿಲ್ಲದೆ ಕೂಲಿ ನೆಚ್ಚಿದವರಿಗೆ ಒಂದು. 25 ದಾಟಿದ ಅಕ್ಷರಸ್ಥರು ಇಲ್ಲದ ಮನೆಗೂ ಒಂದುಂಟು. ಇಷ್ಟು ಚೆಂದದ ಪತ್ರ ಬರೆದ ನಿಮಗೆ ಆ ವಯಸ್ಸು ಆಗಿದ್ದರೆ ಅದು ಕೈಬಿಟ್ಟಂತೆ. ಪಟ್ಟಿಗಳು ವರ್ಗವಾರು (ಪರಿಶಿಷ್ಟ ಜಾತಿ, ಪಂಗಡ, ಅಲ್ಪಸಂಖ್ಯಾತರು, ಇತರರು) ಬೇರೆ ಬೇರೆ ಎಂಬುದೂ ನೆನಪಿರಲಿ. ಪಕ್ಕದವರು ಬೇರೆ ಪಟ್ಟಿಯವರಾದರೆ ಹೋಲಿಕೆಯೇ ಸಲ್ಲದು.

ಇಷ್ಟಾಗಿಯೂ ಅವರು ಮುಂದಾಗಲು ನನಗೆ ತೋರುವ ಕಾರಣ ಬೇರೆ. ಬಯಲುಸೀಮೆಯಲ್ಲಿ ಈ ಯೋಜನೆ ಕೊಡುವ 1.20 ಲಕ್ಷ ರೂಪಾಯಿ ಕಟ್ಟಡಕ್ಕೆ, ನೆಲಕ್ಕಲ್ಲ. ಅವರ ಹೆಸರಿನಲ್ಲಿ ನಿವೇಶನ ಇದ್ದಿರಬೇಕು, ನಿಮ್ಮ ಕಾಲಡಿಯ ಕಣ ಪರರದು. ನೆಲವಿಲ್ಲದವರಿಗೆ ರಾಜ್ಯ ಸರ್ಕಾರವೇ ಜಾಗ ಒದಗಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆ ಜಾಗ ಸಿಗುವ ತನಕ ಪಟ್ಟಿಯಲ್ಲಿ ಮೊದಲಿದ್ದವರು ತಳಪಾಯದ ಲೆಕ್ಕದಲ್ಲಿ ಕೊನೆಯವರಾಗುತ್ತಾರೆ. ನನ್ನ ಮಟ್ಟಿಗೆ ಇದೇ ಈ ಯೋಜನೆಯ ದೊಡ್ಡ ತೂತು.

ಆದ್ದರಿಂದ ನೆರೆಯವರ ಮೇಲೆ ದೂರು ಬರೆಯುವ ಮೊದಲು ನಿಮ್ಮ ಹೆಸರು 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ಬಿಟ್ಟುಹೋದವರಿಗಾಗಿ ನಡೆದ ‘ಆವಾಸ್ ಪ್ಲಸ್’ ಸಮೀಕ್ಷೆಯಲ್ಲಿ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ನಿವೇಶನ ರಹಿತರ ಪಟ್ಟಿಗೆ ತಾಯಿಯ ಹೆಸರಿನಲ್ಲಿ ಬೇರೆಯೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ; ವಾರ್ಡ್ ಸಭೆ, ಗ್ರಾಮ ಸಭೆ ಎರಡರಲ್ಲೂ ಎದ್ದು ನಿಂತು ಹೇಳಿ, ನಡವಳಿಯಲ್ಲಿ ಬರೆಸಿ. ಕ್ರಮಾಂಕ ತಪ್ಪಿದೆ ಎನಿಸಿದರೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಯಿದೆ, ಆ ನಡವಳಿಯೇ ನಿಮ್ಮ ಸಾಕ್ಷಿ.

ಅಂದ ಹಾಗೆ, ಪಕ್ಕದವರದು ಯಾವ ಹೆಂಚು? ಮಣ್ಣಿನ ಗೋಡೆಯ ಮೇಲೆ ಕೈಯಲ್ಲಿ ಮಾಡಿದ ನಾಡಹೆಂಚಾದರೆ ಅದು ಕಚ್ಚಾ ಮನೆ, ಅವರು ಅರ್ಹರೇ. ಕಾರ್ಖಾನೆಯ ಮಂಗಳೂರು ಹೆಂಚಾದರೆ ಕಥೆ ಬೇರೆ. ನೋಡಿ ಬರೆಯಿರಿ.