ಗೋದಾಮಿಗೆ 8ಎ ಸಾಕೋ, 10 ಬೇಕೋ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ, ಅವಲಕ್ಕಿ, ರಾಗಿ ಹಿಟ್ಟು ತರಿಸಿ ಇಲ್ಲಿ ನ್ಯೂಜೆರ್ಸಿಯ ಅಂಗಡಿಗಳಿಗೆ ಸಗಟಾಗಿ ಹಾಕುತ್ತೇನೆ. ತಿಂಗಳಿಗೆ ಮೂರು ಕಂಟೇನರ್ ಬರುತ್ತದೆ. ಮಿಡ್ಲ್‌ಸೆಕ್ಸ್ ಕೌಂಟಿಯಲ್ಲೇ ಗೋದಾಮು ಹಿಡಿಯಬೇಕು. ಟರ್ನ್‌ಪೈಕ್ ಟೋಲ್ ಹೆದ್ದಾರಿಯಿಂದ ಇಳಿಯುವ 8ಎ ಎಕ್ಸಿಟ್ ಬಳಿ ಬಾಡಿಗೆ ಕಡಿಮೆ, ಎಡಿಸನ್‌ನ ಎಕ್ಸಿಟ್ 10ರ ಬಳಿ ಜಾಸ್ತಿ. ಯಾವುದು ಲಾಭ?
— ಓದುಗರು, ಎಡಿಸನ್

ಉತ್ತರ: ಬಂದರಿನಿಂದ ಗೋದಾಮಿಗೆ ತಿಂಗಳಿಗೆ ಮೂರೇ ಸಲ ಸರಕು ಬರುತ್ತದೆ, ಗೋದಾಮಿನಿಂದ ಅಂಗಡಿಗೆ ದಿನಾ ಹೋಗುತ್ತದೆ. ಜಾಗ ಆರಿಸಬೇಕಾದ್ದು ದಿನಾ ಓಡುವ ದಾರಿ ನೋಡಿ. ನಿಮ್ಮ ಗಿರಾಕಿಗಳು ಐಸೆಲಿನ್‌ನ ಓಕ್ ಟ್ರೀ ರೋಡ್ ಸುತ್ತಮುತ್ತ ಇದ್ದರೆ, ಹೆಚ್ಚು ಕೊಟ್ಟಾದರೂ 10ರ ಬಳಿಯೇ ಹಿಡಿಯಿರಿ. ಉತ್ತರಕ್ಕೆ ಹೋಗುವ 287, ಪೂರ್ವದ 440 ಎರಡೂ ಹೆದ್ದಾರಿಗಳು ಅಲ್ಲೇ ಸೇರುತ್ತವೆ. ಪ್ರಿನ್ಸ್‌ಟನ್, ಫಿಲಡೆಲ್ಫಿಯಾ ಕಡೆ ಮಾರಾಟ ಜಾಸ್ತಿಯಿದ್ದರೆ 8ಎ ಸಾಕು.

ಎಲಿಜಬೆತ್ ಬಂದರಿನ ಎಕ್ಸಿಟ್ 13ಎಗೆ 10ರಿಂದ ಸುಮಾರು 13 ಮೈಲಿ, 8ಎಯಿಂದ 28. ಡೀಸೆಲ್ ಲೆಕ್ಕದಲ್ಲಿ ಈ ವ್ಯತ್ಯಾಸ ಸಣ್ಣದು. ಮೂರೂ ಕಂಟೇನರ್ ಒಂದೇ ಹಡಗಿನಲ್ಲಿ ಬಂದರೆ ಮಾತ್ರ ಕಷ್ಟ ಶುರು. ಡ್ರೈವರ್‌ಗೆ ಇರುವುದು 14 ಗಂಟೆಯ ಪಾಳಿ, ಅದರಲ್ಲಿ ಗಾಡಿ ಓಡಿಸಬಹುದಾದ್ದು 11 ಗಂಟೆ. ಬಂದರಿನ ಗೇಟಿನಲ್ಲಿ ಕಾಯ್ದ ಹೊತ್ತೂ ಆ 14ರಲ್ಲೇ ಸೇರುತ್ತದೆ. ಹತ್ತಿರವಿದ್ದರೆ ಅದೇ ದಿನ ಇನ್ನೊಂದು ಟ್ರಿಪ್ ದಕ್ಕುತ್ತದೆ. ದಕ್ಕದಿದ್ದರೆ ಕಂಟೇನರ್ ಬಂದರಿನಲ್ಲೇ ಉಳಿಯುತ್ತದೆ, ಉಚಿತ ದಿನಗಳು ಮುಗಿದ ಮೇಲೆ ಅದಕ್ಕೆ ಡೆಮರೇಜ್ ಎಂಬ ಶುಲ್ಕ. ಖಾಲಿ ಕಂಟೇನರ್ ವಾಪಸ್ ಕೊಡುವುದು ತಡವಾದರೆ ಡಿಟೆನ್ಷನ್ ಎಂಬ ಇನ್ನೊಂದು ಶುಲ್ಕ. ಕಂಟೇನರ್ ಹೊರುವ ಚಕ್ರದ ಚೌಕಟ್ಟಿನ (ಚಾಸಿ) ಬಾಡಿಗೆ ಬೇರೆ. ಆದ್ದರಿಂದ ಸರಕು ಬೇರೆ ಬೇರೆ ವಾರ ಬರುವಂತೆ ಊರಿನ ಕಡೆಯೇ ಬುಕ್ ಮಾಡಿಸಿ. ಸರಕು ಜೋಡಿಸುವ ಮರದ ಪ್ಯಾಲೆಟ್‌ಗಳ ಮೇಲೆ ಗೋಧಿ ತೆನೆಯ ಗುರುತು, ಪಕ್ಕದಲ್ಲಿ ‘ಎಚ್‌ಟಿ’ (ಕೀಟ ಸಾಯಲು ಮರವನ್ನು ಕಾಯಿಸಿದ್ದಾರೆ ಎಂದರ್ಥ) ಅಕ್ಷರ ಇದೆಯೇ ಎಂದು ಫೋಟೋ ತರಿಸಿ ನೋಡಿಕೊಳ್ಳಿ. ಆ ಮುದ್ರೆಯಿಲ್ಲದ ಪ್ಯಾಲೆಟ್ ಬಂದರಿನಲ್ಲೇ ತಡೆಹಿಡಿಯಲ್ಪಡುತ್ತದೆ. ಆಗ ಎಷ್ಟು ಹತ್ತಿರವಿದ್ದರೂ ಪ್ರಯೋಜನವಿಲ್ಲ.

ಅಂಗಡಿಗೆ ಹಾಕಲು 26 ಅಡಿಯ ಬಾಕ್ಸ್ ಟ್ರಕ್ ಸಾಕು. ಅದರ ನಿಗದಿತ ಒಟ್ಟು ತೂಕ 26,000 ಪೌಂಡ್ ಮೀರದಿದ್ದರೆ ಕಮರ್ಷಿಯಲ್ ಲೈಸೆನ್ಸ್ ಬೇಡ. ಸರಕು ಮಾತ್ರ ಸುಮಾರು 10,000 ಪೌಂಡ್ ಹಿಡಿಯುತ್ತದೆ. ಮೆಣಸಿನಕಾಯಿಗೆ ಜಾಗ ಮೊದಲು ಮುಗಿಯುತ್ತದೆ, ರಾಗಿ ಹಿಟ್ಟಿಗೆ ತೂಕ ಮೊದಲು ಮುಗಿಯುತ್ತದೆ. ಎರಡನ್ನೂ ಬೆರೆಸಿ ತುಂಬಿ. ಮ್ಯಾಪಿನಲ್ಲಿ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿ ಐಸೆಲಿನ್ ಪಕ್ಕದಲ್ಲೇ ಕಾಣುತ್ತದೆ, ಆದರೆ ಅದರ ಎಕ್ಸಿಟ್ 105ರಿಂದ ಉತ್ತರಕ್ಕೆ ಟ್ರಕ್ಕಿಗೆ ಪ್ರವೇಶವಿಲ್ಲ. ಫೋನಿನ ದಾರಿ ನಂಬಿ ಹೊರಟವರು ಇಲ್ಲೇ ಸಿಕ್ಕಿಬೀಳುವುದು.

ಸಹಿ ಹಾಕುವ ಮುನ್ನ ಟೇಪ್ ಹಿಡಿದು ಹೋಗಿ. ಲಾರಿಯಿಂದ ಸರಕು ಇಳಿಸುವ ಕಟ್ಟೆ (ಡಾಕ್) ಸುಮಾರು 48 ಇಂಚು ಎತ್ತರವಿರಲಿ, ಅದರ ಮುಂದಿನ ಅಂಗಳ 120–130 ಅಡಿ ಇರಲಿ. ಅದಕ್ಕಿಂತ ಗಿಡ್ಡವಾದರೆ ಲಾರಿ ರಸ್ತೆಗಡ್ಡ ನಿಂತು ಹಿಂದೆ ಬರಬೇಕಾಗುತ್ತದೆ. ಬಾಡಿಗೆ ‘ಟ್ರಿಪಲ್ ನೆಟ್’ ಎಂದಿದ್ದರೆ ಆಸ್ತಿ ತೆರಿಗೆ, ವಿಮೆ, ನಿರ್ವಹಣೆ ಮೂರೂ ನಿಮ್ಮ ತಲೆಗೇ. 8ಎಯಲ್ಲಿ ಕಡಿಮೆ ಹೇಳಿದ ದರ ಇವು ಸೇರಿಸಿಯೋ ಬಿಟ್ಟೋ ಎಂದು ಬರಹದಲ್ಲಿ ಕೇಳಿ.

ಪ್ರಶ್ನೆ: ಹತ್ತು ಜನರ ಲೆಕ್ಕಪತ್ರ ಕಚೇರಿ. ಐಸೆಲಿನ್‌ನ ಮೆಟ್ರೊಪಾರ್ಕ್ ರೈಲು ನಿಲ್ದಾಣದ ಬಳಿ ದುಬಾರಿ ಬಾಡಿಗೆ ಕೊಡುವುದು ಸರಿಯೇ?

ಉತ್ತರ: ಅಲ್ಲಿ ರಾಜ್ಯದ ಎನ್‌ಜೆ ಟ್ರಾನ್ಸಿಟ್ ರೈಲಿನ ಜೊತೆಗೆ ದೂರದ ಊರುಗಳ ಆಮ್‌ಟ್ರ್ಯಾಕ್ ರೈಲು ಕೂಡ ನಿಲ್ಲುತ್ತದೆ, ನ್ಯೂಯಾರ್ಕ್, ಫಿಲಡೆಲ್ಫಿಯಾ ಎರಡೂ ಕಡೆಯಿಂದ ನೌಕರರು, ಗಿರಾಕಿಗಳು ಕಾರಿಲ್ಲದೆ ಬರಬಹುದು. ಹತ್ತರಲ್ಲಿ ಮೂರ್ನಾಲ್ಕು ಮಂದಿಯಾದರೂ ರೈಲಿನಲ್ಲಿ ಬರುವವರಿದ್ದರೆ ಕೊಡಿ. ‘ನಿಲ್ದಾಣದ ಹತ್ತಿರ’ ಎಂಬ ಜಾಹೀರಾತನ್ನು ನಂಬದೆ, ಬೆಳಿಗ್ಗೆ ಎಂಟೂವರೆಗೆ ಪ್ಲಾಟ್‌ಫಾರ್ಮಿನಿಂದ ಕಟ್ಟಡದ ಬಾಗಿಲವರೆಗೆ ನೀವೇ ನಡೆದು ನೋಡಿ. ಕಾಲುದಾರಿ ನಡುವೆ ಎಲ್ಲಾದರೂ ನಿಂತುಹೋದರೆ ಆ ಬಾಡಿಗೆ ಬೇಡ.