ಅಜ್ಜಿಗೆ ಓದು ಬಾರದು, ಮೊಮ್ಮಗನಿಗೆ ಲೆಕ್ಕ ಹತ್ತದು

ಪ್ರಶ್ನೆ: ಗಂಡ ತೀರಿಕೊಂಡು ಎರಡು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್‌ಗೆ ಹೊರಟರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿರುವ ಮಗನನ್ನು ನೋಡಿಕೊಳ್ಳುವುದು ನನ್ನ ಅಮ್ಮ. ಅವರಿಗೆ ಓದು ಬರಹ ಬಾರದು. ಮಗ ಲೆಕ್ಕದಲ್ಲಿ ಹಿಂದೆ. ‘ಅಪ್ಪ ಇಲ್ಲದ ಮನೆ, ಇನ್ನೇನಾಗುತ್ತೆ’ ಅನ್ನುತ್ತಾರೆ ನೆಂಟರು. ನಿಜವೇ?
— ಒಬ್ಬ ತಾಯಿ, ರಾಮನಗರ ಜಿಲ್ಲೆ

ಉತ್ತರ: ಆ ಮಾತು ಮಗನ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅಪ್ಪ ಇಲ್ಲ ಎಂಬುದಷ್ಟೇ ಮಗುವಿನ ಕಲಿಕೆಯನ್ನು ಕೆಡಿಸುವುದಿಲ್ಲ. ಸಂಪಾದನೆ ಒಬ್ಬರದೇ ಆಗುವುದು, ಪಕ್ಕದಲ್ಲಿ ಕೂರಲು ಯಾರಿಗೂ ಹೊತ್ತಿಲ್ಲದಿರುವುದು, ಪದೇ ಪದೇ ಮನೆ, ಶಾಲೆ ಬದಲಿಸುವುದು, ಪೆಟ್ಟು ಕೊಡುವುದು ಇವು ಕೆಡಿಸುತ್ತವೆ. ಅದೂ ಅಲ್ಲದೆ ಮೂರನೇ ತರಗತಿವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಕಲಿತು ನಾಲ್ಕಕ್ಕೆ ಬರುವಾಗ ಅಪ್ಪ ಅಮ್ಮ ಇಬ್ಬರೂ ಇರುವ ಮನೆಯ ಮಕ್ಕಳೂ ಮುಗ್ಗರಿಸುತ್ತಾರೆ.

ಭಾನುವಾರ ಅವನ ನೋಟ್‌ಬುಕ್ ಬಿಡಿಸಿ. 52ರಲ್ಲಿ 27 ಕಳೆದು 35 ಎಂದು ಬರೆದಿದ್ದಾನೆಯೇ? ಹಾಗಿದ್ದರೆ ಎರಡರಲ್ಲಿ ಏಳು ಹೋಗದೆ, ತಿರುಗಿಸಿ ಏಳರಲ್ಲಿ ಎರಡು ಕಳೆದಿದ್ದಾನೆ. ಇದು ಸೋಮಾರಿತನವಲ್ಲ, ದಶಕ ಬಿಡಿಸುವುದು ಅವನಿಗೆ ಹತ್ತಿಲ್ಲ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಐದು ಕಟ್ಟು, ಬಿಡಿ ಎರಡು ಇಡಿ. ಒಂದು ಕಟ್ಟು ಅವನೇ ಬಿಚ್ಚಲಿ. ಬಿಡಿ ಹನ್ನೆರಡಾಯಿತು, ಏಳು ತೆಗೆದರೆ ಐದು. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ ಎರಡು. ಉತ್ತರ 25. ದಿನಕ್ಕೆ ಇಂಥ ನಾಲ್ಕು ಲೆಕ್ಕ ಸಾಕು. ಕಡ್ಡಿಯಲ್ಲಿ ತಪ್ಪದೆ ಬಂದ ಮೇಲೆಯೇ ಸ್ಲೇಟು. ಈ ಕೆಲಸ ಅಜ್ಜಿಗೂ ಒಪ್ಪುತ್ತದೆ: ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಪಡೆಯುವವರಿಗೆ ದಶಕ ಬಿಡಿಸುವುದನ್ನು ಯಾರೂ ಕಲಿಸಬೇಕಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹತ್ತು ನಿಮಿಷ ಅಜ್ಜಿಗೆ ಪಾಠ ಓದಿ ಹೇಳಲಿ. ‘ಆಮೇಲೆ ಏನಾಯ್ತಪ್ಪಾ?’ ಎಂದು ಅವರು ಕೇಳಿದರೆ ಸಾಕು. ಅರ್ಥವಾಗದೆ ಓದಿದ್ದರೆ ಅವನು ಅಲ್ಲೇ ನಿಲ್ಲುತ್ತಾನೆ.

ರಾತ್ರಿ ದಣಿದು ಬಂದ ನೀವು ಹೋಂವರ್ಕ್ ಬರೆದುಕೊಡಬೇಡಿ. ಉತ್ತರ ಸರಿಯಿದ್ದರೆ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೇಷ್ಟ್ರಿಗೆ ಕಾಣುವುದೇ ಇಲ್ಲ. ತಪ್ಪು ಹಾಗೇ ಇರಲಿ. ನಿಮ್ಮ ಜೊತೆ ಹನ್ನೊಂದರವರೆಗೆ ಅವನು ಎದ್ದಿರುವುದೂ ಬೇಡ, ಈ ವಯಸ್ಸಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಮದುವೆ, ಜಾತ್ರೆ ಎಂದು ಶಾಲೆ ತಪ್ಪಿಸಬೇಡಿ. ಭಾಗಾಕಾರ ಶುರುವಾದ ದಿನ ತಪ್ಪಿದರೆ ಮುಂದಿನ ವಾರವಿಡೀ ತಬ್ಬಿಬ್ಬಾಗುತ್ತಾನೆ.

ಪಾಲಕರ ಸಭೆಗೆ ನಿಮಗೆ ರಜೆ ಸಿಗದಿದ್ದರೆ ಅಜ್ಜಿ ಹೋಗಲಿ. ‘ಹೇಗೆ ಓದ್ತಾನೆ?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರವೇ ಸಿಗುವುದು. ‘ಯಾವ ಲೆಕ್ಕದಲ್ಲಿ ನಿಲ್ತಾನೆ, ಈ ವಾರ ಮನೇಲಿ ಏನು ಮಾಡಿಸಲಿ?’ ಎಂದು ಕೇಳಲಿ.